ನೀವು ಇಳಿಸಿದ ಕೈ

ಮಾಸ್ತರರೇ, ಆ ಫೌಲನ್ನು ನಾನು ಕಂಡಿರಲಿಲ್ಲ. ಕಂಡೆ ಎಂದು ನಿಮಗೆ ಸುಳ್ಳು ಹೇಳಿದೆ.

ಅರವತ್ತರ ದಶಕದ ಆ ಸಂಜೆ, ಕುಮಟೆಯ ಮಣ್ಣಿನ ಅಂಗಣದಲ್ಲಿ ಕುಮಟಾ–ಹೊನ್ನಾವರ ಬಾಸ್ಕೆಟ್‌ಬಾಲ್ ಪಂದ್ಯ. ನೀವು ಹೊನ್ನಾವರದ ಡ್ರಿಲ್ ಮಾಸ್ತರರು. ಆದರೂ ನೀವೇ ರೆಫ್ರಿಯಾಗಬೇಕು ಎಂದು ಕುಮಟೆಯವರೇ ಕರೆಸಿದ್ದರು – ಅಂಥ ಹೆಸರು ನಿಮ್ಮದು. ನಾನು ಭಟ್ಕಳದಿಂದ ಬಂದ ಹೊಸ ಅಂಪೈರ್. ಕೊನೆಯ ನಿಮಿಷ, ಅಂಕ ಸಮ. ನಿಮ್ಮೂರಿನ ಗಣಪತಿ ಚೆಂಡು ಹಿಡಿದು ನುಗ್ಗಿದ, ಕುಮಟೆಯ ಹುಡುಗನಿಗೆ ಡಿಕ್ಕಿ. ಅದು ನನ್ನ ಮೂಗಿನ ಕೆಳಗೇ ಆದದ್ದು. ಆದರೆ ನಾನು – ಹೇಗೆ ಹೇಳಲಿ – ಹೊಸ ಬಿಳಿ ಪ್ಯಾಂಟಿನಲ್ಲಿ ನನ್ನನ್ನು ಯಾರು ಯಾರು ನೋಡುತ್ತಿದ್ದಾರೆಂದು ಜನರತ್ತ ನೋಡುತ್ತಿದ್ದೆ! ಸದ್ದು ಕೇಳಿ ಸೀಟಿ ಊದಿ, ಗಣಪತಿಯದೇ ತಪ್ಪೆಂದು ಕೈ ತೋರಿಸಿದೆ. ತಿರುಗಿದರೆ, ಆ ತುದಿಯಿಂದ ನಿಮ್ಮ ಕೈ, ತಪ್ಪು ಅವನದೆಂದು, ಕುಮಟೆಯ ಹುಡುಗನತ್ತ.

ಇಬ್ಬರ ಕೈ ಎರಡು ಕಡೆ ಹೋದರೆ, ಅಂಕ ಬರೆಯುವ ಮೇಜಿಗೆ ಹೋಗುವ ಮುನ್ನ ಮಾತಾಡಿಕೊಳ್ಳುವುದು ನಮ್ಮ ಪದ್ಧತಿ. ಹತ್ತಿರದಿಂದ ಕಂಡವನ ಮಾತೇ ಕೊನೆ. ನೀವು ಬಳಿಗೆ ಬಂದಿರಿ.

"ನೀ ಸಮಾ ಕಂಡ್ಯನಾ?"

"ಕಂಡೆ, ಮಾಸ್ತರ್ರೇ."

ಮತ್ತೊಂದು ಪ್ರಶ್ನೆಯಿಲ್ಲ. ನಿಮ್ಮ ಕಣ್ಣು ಕಂಡದ್ದನ್ನು ಬದಿಗಿಟ್ಟು ಕೈ ಇಳಿಸಿದಿರಿ. ಅಷ್ಟೇ ಅಲ್ಲ – ನನ್ನನ್ನು ತಡೆದು ನೀವೇ ಮೇಜಿಗೆ ನಡೆದು, ಗಣಪತಿಯ ಐದನೆಯ ಫೌಲ್ ಎಂದು ಗಟ್ಟಿಯಾಗಿ ಹೇಳಿದಿರಿ. ಬೈಗುಳವೆಲ್ಲ ನಿಮ್ಮ ಮೇಲೇ ಬೀಳಲಿ ಎಂದು! ಐದಾದ ಮೇಲೆ ಆಡುವಂತಿಲ್ಲ; ಅವನು ಹೊರಬಿದ್ದ, ಹೊನ್ನಾವರ ಸೋತಿತು. ಇಂಥ ಮನುಷ್ಯರೂ ಇರುತ್ತಾರೆಯೇ ಎಂದು ಬೆರಗಾದೆ. ಆ ಬೆರಗು ಇಂದಿಗೂ ಹೋಗಿಲ್ಲ.

ಹೊನ್ನಾವರದ ಮೇಲೆ ಭಟ್ಕಳಕ್ಕೆ ಮರಳುವ ಬಸ್ಸಿನ ತುಂಬ ನಿಮ್ಮೂರವರೇ. ಹೊಸಬನೆಂದು ನನಗೆ ಸರಿದು ಜಾಗ ಕೊಟ್ಟರು. ನಿಮಗೆ ಒಬ್ಬರೂ ಕೊಡಲಿಲ್ಲ. ಹೊನ್ನಾವರದವರೆಗೂ ನಿಂತೇ ಬಂದಿರಿ. ನನ್ನ ಮೋರೆ ನೋಡಿ, "ಎಂತಕ್ಕೆ ಬೇಜಾರು ಮಾರಾಯಾ? ನೀ ಕಂಡದ್ದು ನೀ ಹೇಳ್ದೆ, ಆತು" ಎಂದಿರಿ. ಆಗಲಾದರೂ ಹೇಳಬಹುದಿತ್ತು... ಹೇಳಲಿಲ್ಲ. ಆಮೇಲೆ ನಿಮ್ಮನ್ನು ಯಾವ ಪಂದ್ಯಕ್ಕೂ ಕರೆಯಲಿಲ್ಲ. ಊರು ಮಾರಿದ ಮಾಸ್ತರ ಎಂಬ ಹೆಸರೇ ಉಳಿಯಿತು.

ಕಂಡಿಲ್ಲ ಎಂದಿದ್ದರೆ ನನಗೆ ಎರಡು ನಿಮಿಷದ ನಾಚಿಕೆ – ಅಷ್ಟೇ.

ಈ ಶನಿವಾರ ಹೊನ್ನಾವರಕ್ಕೆ ಬರುತ್ತೇನೆ. ಮೊದಲು ಗಣಪತಿಯ ಮನೆಗೆ. ಆಮೇಲೆ ಆ ಬಸ್ಸಿನಲ್ಲಿ ಕೂತಿದ್ದವರಲ್ಲಿ ಈಗ ಇರುವವರ ಮನೆಮನೆಗೆ. ಕೊನೆಗೆ ನಿಮ್ಮಲ್ಲಿಗೆ. ಕೂರು ಎನ್ನಬೇಡಿ ಮಾಸ್ತರರೇ, ನಿಂತೇ ಹೇಳುತ್ತೇನೆ.