ಬಸ್ಸಿನವರು ತಂದ ಸುದ್ದಿ

ಮಳವಳ್ಳಿಯಿಂದ ಮದ್ದೂರಿನ ಮೇಲೆ ಮಂಡ್ಯಕ್ಕೆ ಹೋಗುವ ಬಸ್ಸಿನಲ್ಲಿ ನಾನು ಕಂಡಕ್ಟರಾಗಿದ್ದದ್ದು ಯುದ್ಧದ ವರ್ಷಗಳಲ್ಲಿ. ಪೆಟ್ರೋಲಿಗೆ ರೇಷನ್ನು ಬಂದು ಬಸ್ಸುಗಳೆಲ್ಲ ಇದ್ದಿಲಿನಿಂದ ಓಡುತ್ತಿದ್ದವು. ಬಸ್ಸಿನ ಬೆನ್ನಿಗೆ ಒಂದು ದೊಡ್ಡ ಕಬ್ಬಿಣದ ಹಂಡೆ ಕಟ್ಟಿರುತ್ತಿದ್ದರು. ಅದರೊಳಗೆ ಇದ್ದಿಲು ಉರಿದು ಬರುವ ಗ್ಯಾಸಿನಿಂದ ಎಂಜಿನ್ನು ನಡೆಯಬೇಕು. ನಡೆಯುತ್ತಿತ್ತು ಎಂದರೆ ಸುಳ್ಳಾಗುತ್ತದೆ, ತೆವಳುತ್ತಿತ್ತು. ದಿಣ್ಣೆ ಬಂದರೆ ಜನ ಇಳಿದು ತಳ್ಳುತ್ತಿದ್ದರು. ಈಗಿನವರು ಆ ಕಾಲದ ಬಸ್ಸೆಂದರೆ ಏನೋ ಸೊಗಸು ಎಂಬಂತೆ ಮಾತಾಡಿದಾಗ ನನಗೆ ರೇಗುತ್ತದೆ. ಏನು ಸೊಗಸು, ಮಣ್ಣು! ಮನೆಗೆ ಹೋಗಿ ಮೂಗು ಸೀನಿದರೆ ಮಸಿ ಬರುತ್ತಿತ್ತು.

ನಾವು ಮೂವರು. ಡ್ರೈವರು ನನಗಿಂತ ಬಹಳ ದೊಡ್ಡವನು, ಬಾಯಿ ತೆಗೆದರೆ ಬೈಗುಳ. ಎತ್ತಿಗೆ ಬೈಯುವನು, ಎತ್ತಿನ ಯಜಮಾನನಿಗೆ ಬೈಯುವನು, ಯಾರೂ ಸಿಗದಿದ್ದರೆ ನನಗೆ. ಹಂಡೆ ನೋಡಿಕೊಳ್ಳುವ ಇದ್ದಿಲಿನವನಿಗೆ ಐವತ್ತು ದಾಟಿತ್ತು. ಬೆಂಕಿಯ ಝಳಕ್ಕೆ ಹುಬ್ಬು ಸುಟ್ಟುಹೋಗಿ ಮುಖ ಬೋಳಾಗಿ ಕಾಣುತ್ತಿತ್ತು. ಹೆಚ್ಚು ಮಾತಿನವನಲ್ಲ. ಬೆಂಕಿ ಕುಗ್ಗಿದಾಗ ಮಾತ್ರ ಹಿಂದಿನಿಂದ ಕೂಗುತ್ತಿದ್ದ.

ದಿನಕ್ಕೆ ಒಂದೇ ಸಲ ಹೋಗಿ ಬರುವ ಬಸ್ಸು. ದಾರಿಯ ಹಳ್ಳಿಗಳ ಸುದ್ದಿಯನ್ನೆಲ್ಲ ನಾವೇ ಹೊರುತ್ತಿದ್ದೆವು. ಕಾಗದ ಬರೆಯುವವರು ಎಷ್ಟು ಮಂದಿ ಇದ್ದರು? ಬೆಳಿಗ್ಗೆ ಮಳವಳ್ಳಿಯಲ್ಲಿ ಯಾರೋ ಬಂದು ಹೇಳುವರು, ನಾನು ಫುಟ್‌ಬೋರ್ಡಿನ ಮೇಲೆ ನಿಂತು ಆಯಾ ಹಳ್ಳಿಯಲ್ಲಿ ಕೂಗುವೆನು. "ನಿಮ್ ತಂಗಿ ಮನೆ ಎಮ್ಮೆ ಈಯ್ತಂತೆ ಕಣ್ಲಾ! ಎಣ್ಗರ!" ಅಷ್ಟಕ್ಕೆ ಬಸ್ಸು ನಿಲ್ಲಿಸುತ್ತಿರಲಿಲ್ಲ.

ಸಾವಿನ ಸುದ್ದಿಯ ರೀತಿ ಬೇರೆ. ಅದನ್ನು ನನಗೆ ಕಲಿಸಿದವನು ಡ್ರೈವರು. ಅವನು ಒಮ್ಮೆ ಬಸ್ಸಿನಲ್ಲಿ ಕೂತಿದ್ದ ಯಾರಿಗೋ ದಾರಿಯಲ್ಲೇ ನೇರವಾಗಿ "ನಿಮ್ಮಪ್ಪ ಓದ" ಎಂದುಬಿಟ್ಟನಂತೆ. ಆ ಮನುಷ್ಯ ಓಡುವ ಬಸ್ಸಿನಿಂದ ಹಾರಿ ಕಾಲು ಮುರಿದುಕೊಂಡ. ಅಲ್ಲಿಂದ ಮುಂದೆ ನಮ್ಮದೊಂದು ಕ್ರಮ. ಬಸ್ಸು ನಿಲ್ಲಿಸಬೇಕು, ಮನೆ ಬಾಗಿಲಿಗೇ ಹೋಗಬೇಕು, ತಗ್ಗಿದ ದನಿಯಲ್ಲಿ "ಹುಷಾರಿಲ್ಲ, ಉಸಿರಿದೆ, ಕೇಳುತ್ತಿದ್ದಾರೆ" ಎನ್ನಬೇಕು. ಸತ್ತರು ಎನ್ನುವ ಮಾತು ಬಾಯಿಗೆ ಬರಬಾರದು. ಸಾವಿನ ಸುದ್ದಿ ತಂದವನು ಆ ಮನೆಯ ನೀರು ಕುಡಿಯಬಾರದು. ಹಾಗೆ ಎಷ್ಟು ಮನೆಗಳಿಗೆ ಹೇಳಿದೆನೋ ಲೆಕ್ಕವಿಲ್ಲ. ನಾನು ಹೀಗೆ ಹೇಳಿದೆನೆಂದರೆ ಏನರ್ಥ ಎಂದು ಜನಕ್ಕೂ ಗೊತ್ತಿತ್ತು. ಅದು ಎಲ್ಲರಿಗೂ ಒಪ್ಪಿಗೆಯಾದ ಸುಳ್ಳು.

ಒಂದು ಬೆಳಿಗ್ಗೆ ಮಳವಳ್ಳಿಯಲ್ಲಿ ಒಬ್ಬ ರೈತ ಓಡಿ ಬಂದ. ಅವನ ಅಕ್ಕನನ್ನು ಮದ್ದೂರಿಗೆ ಒಂದು ಹರದಾರಿ ಈಚೆಗೆ, ರಸ್ತೆ ಬದಿಯ ಹಳ್ಳಿಗೆ ಕೊಟ್ಟಿತ್ತು.

"ಅವ್ವ ರಾತ್ರಿಯಿಂದ ಅಕ್ಕನ್ನೇ ಕೇಳ್ತಾವ್ಳೆ. ಇವತ್ತೋ ನಾಳೆಯೋ ಅಂತವ್ರೆ ಪಂಡಿತ್ರು. ಸಾಯಂಕಾಲ ನಿಮ್ ಗಾಡೀಲೇ ಅಕ್ಕನ್ನ ಕರ್ಕಂಡ್ ಬಂದ್ಬುಡಿ ಅಣ್ಣ," ಎಂದ.

ತಾಯಿ ಬದುಕಿದ್ದಳು. ಮಗಳು ಆ ಸಂಜೆ ನಮ್ಮ ಬಸ್ಸಿಗೆ ಬಂದರೆ ಮುಖ ನೋಡುತ್ತಾಳೆ, ಇಲ್ಲದಿದ್ದರೆ ಇಲ್ಲ. ಇಷ್ಟು ದೊಡ್ಡ ವಿಷಯವನ್ನು ಎಮ್ಮೆ ಈದ ಹಾಗೆ ಕೂಗುವುದು ಹೇಗೆ? ಬಸ್ಸು ನಿಲ್ಲಿಸಿ ಬಾಗಿಲಿಗೇ ಹೋದೆ. ಆಕೆ ಜಗಲಿಯಲ್ಲಿ ರಾಗಿ ಕೇರುತ್ತಿದ್ದಳು.

"ನಿಮ್ಮವ್ವಂಗೆ ಉಸಾರಿಲ್ಲ ಕಣಮ್ಮ. ಉಸ್ರೈತೆ. ನಿನ್ನೇ ಕೇಳ್ತಾವ್ರೆ. ಸಾಯಂಕಾಲ ನಮ್ ಗಾಡೀಗೆ ಬಂದ್ಬುಡು," ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಅವಳ ಅತ್ತೆ ಚೊಂಬಿನಲ್ಲಿ ನೀರು ತಂದಳು. ಅತ್ತ ಡ್ರೈವರು ಹಾರನ್ನು ಒತ್ತುತ್ತಿದ್ದ. ಹೊತ್ತಾಯಿತು, ಬೇಡ ಎಂದು ಓಡಿಬಂದೆ. ಹಿಂದಿನಿಂದ ಅಳು ಕೇಳಿಸಿತು. ತಾಯಿಗೆ ಹುಷಾರಿಲ್ಲವೆಂದರೆ ಅಳು ಬರುವುದಿಲ್ಲವೇ ಎಂದುಕೊಂಡೆ. ಅಷ್ಟು ದಡ್ಡತನ ನನ್ನಲ್ಲಿ ಎಲ್ಲಿತ್ತೋ!

ಆಕೆಯ ಗಂಡ ಏದುಸಿರು ಬಿಡುತ್ತ ಬಂದು ಬಸ್ಸು ಹತ್ತಿದ. ಮಂಡ್ಯಕ್ಕೆ ಎಂದ. ಹೆಂಡತಿಯ ತಾಯಿಗೆ ಏನೋ ಔಷಧಿ ತರಲು ಹೊರಟಿರಬೇಕೆಂದುಕೊಂಡು ನಾನು ಕೇಳಲಿಲ್ಲ. ಅವನೂ ದಾರಿಯುದ್ದಕ್ಕೂ ತಲೆ ಎತ್ತಲಿಲ್ಲ. ಮಧ್ಯಾಹ್ನ ವಾಪಸು ಹೊರಡುವಾಗ ಅವನು ಮಂಡ್ಯದ ಸ್ಟಾಂಡಿನಲ್ಲಿ ಕಾಣಲಿಲ್ಲ.

ಸಂಜೆ ಆ ಹಳ್ಳಿಯ ಹತ್ತಿರ ರಸ್ತೆಯಲ್ಲಿ ಯಾರೂ ನಿಂತಿರಲಿಲ್ಲ. ಮತ್ತೆ ಇಳಿದು ಮನೆಗೆ ಹೋದೆ. ನೆರೆಯ ಹೆಂಗಸರೆಲ್ಲ ಸೇರಿದ್ದರು. ಆಕೆ ತಲೆಗೂದಲು ಕೆದರಿಕೊಂಡು ಗೋಡೆಗೆ ಒರಗಿದ್ದಳು. ಹೊರಡಮ್ಮ, ಬಸ್ಸು ನಿಂತಿದೆ ಎಂದೆ. ಜಗಲಿಯಲ್ಲಿದ್ದ ಮಾವ ಹೇಳಿದ:

"ಮಗ ಇನ್ನೂ ಬಂದಿಲ್ಲ ಕಣಪ್ಪ. ಮಂಡ್ಯದಾಗೆ ಸೀರೆ ಸಿಗ್ನಿಲ್ಲ ಅಂದ್ರೆ ದುದ್ದದಲ್ಲಿರೋ ನೆಂಟರ ಮನೆಗೋಗಿ ಇಸ್ಕಂಡ್ ಬತ್ತೀನಿ ಅಂದವ್ನೆ. ಬಂದ್ಮ್ಯಾಕೆ ಗಾಡಿ ಕಟ್ತೀವಿ."

"ಈಗ ಯಾವ ಸೀರೆ?"

"ಯಾವ್ ಸೀರೆ ಅಂದ್ರೆ? ಎಣದ ಮ್ಯಾಲೆ ಮಗಳು ಒಂದ್ ಸೀರೆ ಒದಿಸ್ಬ್ಯಾಡ್ವಾ?"

ಬಟ್ಟೆಗೆ ಕಂಟ್ರೋಲಿದ್ದ ಕಾಲ. ಒಂದು ಹೊಸ ಸೀರೆಗೆ ಊರೂರು ಅಲೆಯಬೇಕಿತ್ತು. "ಅಯ್ಯೋ, ಅವ್ರು ಸತ್ತಿಲ್ಲ! ದಿಟವಾಗ್ಲೂ ಉಸ್ರೈತೆ!" ಎಂದು ಕೂಗಿದೆ.

ಮಾವ ಕೋಪಿಸಿಕೊಳ್ಳಲಿಲ್ಲ. "ಓದ್ ವರ್ಸ ನಮ್ಮಣ್ಣಂಗೂ ಉಸ್ರೈತೆ ಅಂತ್ಲೇ ಯೋಳಿದ್ದೆ ನೀನು. ಓಗಿ ನೋಡುದ್ರೆ ಗುಂಡಿ ತೋಡಿದ್ರು. ತಪ್ಪು ಅನ್ನಕಿಲ್ಲ ಬುಡು, ನಿನ್ ಕೆಲ್ಸ ಅದು," ಎಂದ.

ಅಷ್ಟರಲ್ಲಿ, ಸೀಟು ಬಿಟ್ಟು ಎಂದೂ ಇಳಿಯದ ಡ್ರೈವರು ಬೈಯಲೆಂದೇ ಬಂದ. ವಿಷಯ ತಿಳಿದು ಅವನ ಮುಖ ಸಪ್ಪಗಾಯಿತು. "ವೈದ್ಯನಾಥಪುರದ ಸಾಮಿ ಆಣೆ, ಆ ತಾಯಿ ಬದುಕವ್ಳೆ," ಎಂದ.

"ಸಾಮಿ ಮ್ಯಾಲೆಲ್ಲ ಆಣೆ ಇಕ್ಕಬ್ಯಾಡ ಕಣಪ್ಪ, ಪಾಪ," ಎಂದ ಮಾವ, ಸಮಾಧಾನ ಹೇಳುವವನಂತೆ.

ಆಕೆ ಗೋಡೆ ಹಿಡಿದು ಅರ್ಧ ಎದ್ದಳು. "ದಿಟವಾ ಅಣ್ಣ?" ಎಂದು ನನ್ನನ್ನು ಕೇಳಿದಳು. ದಿಟ ಕಣಮ್ಮ ಎಂದೆ. ಅದನ್ನೂ ನಾನು ಎಷ್ಟೋ ಮನೆಗಳಲ್ಲಿ ಹೀಗೆಯೇ ಹೇಳಿದ್ದೆ. ಅತ್ತೆ ಅವಳ ಸೆರಗು ಹಿಡಿದು, "ಬರಿಗೈಲಿ ಓದ್ರೆ ನಿನ್ ತವರೋರು ಏನಂದಾರು? ಕೂತ್ಕೊ," ಎಂದಳು. ಅವಳು ಕೂತಳು. ಇನ್ನೊಬ್ಬರ ಸೊಸೆಯನ್ನು ಕೈ ಹಿಡಿದು ಎಳೆದುಕೊಂಡು ಬರಲಾಗುತ್ತದೆಯೇ? ಇದ್ದಿಲಿನವನು ಬೆಂಕಿ ಕುಗ್ಗುತ್ತಿದೆ ಎಂದು ಕೂಗುತ್ತಿದ್ದ. ನಾವು ಹೊರಟೆವು. ಮಳವಳ್ಳಿ ಬರುವವರೆಗೂ ಡ್ರೈವರು ಯಾರಿಗೂ ಬೈಯಲಿಲ್ಲ.

ಮಳವಳ್ಳಿಯಲ್ಲಿ ಆಕೆಯ ತಮ್ಮ ಕಾದಿದ್ದ. ಬಸ್ಸಿನ ಒಂದೊಂದೇ ಕಿಟಕಿಯಲ್ಲಿ ಬಗ್ಗಿ ನೋಡಿದ. ಗಾಡಿ ಕಟ್ಟಿಕೊಂಡು ಬರುತ್ತಾರಂತೆ ಎಂದೆ. "ಅವ್ವ ಬಾಗ್ಲನ್ನೇ ನೋಡ್ತಾವ್ಳೆ ಕಣಣ್ಣ," ಎಂದು ಹೇಳಿ ಹೋದ.

ಮಾರನೆಯ ಬೆಳಿಗ್ಗೆ ನಾವು ಹೊರಡುವ ಹೊತ್ತಿಗೆ ಅವರ ಪಕ್ಕದ ಮನೆಯವನು ಬಂದು, ಕೋಳಿ ಕೂಗುವ ಹೊತ್ತಿಗೆ ಮುದುಕಿ ತೀರಿಕೊಂಡಳು, ಕಣ್ಣು ಬಾಗಿಲ ಕಡೆಗೇ ಇತ್ತು ಎಂದ. ಎರಡು ಹರದಾರಿ ಹೋಗುವಷ್ಟರಲ್ಲಿ ಎದುರಿಗೆ ಮಗಳ ಮನೆಯವರ ಎತ್ತಿನ ಗಾಡಿ ಬಂತು. ಡ್ರೈವರು ಬಸ್ಸು ನಿಲ್ಲಿಸಿದ. ಗಂಡನ ತೊಡೆಯ ಮೇಲೆ ಕಾಗದ ಸುತ್ತಿದ ಸೀರೆಯಿತ್ತು. ಆಕೆ ಇಳಿದು ಡ್ರೈವರ ಸೀಟಿನ ಹತ್ತಿರ ಬಂದಳು. ನಾನೂ ಇಳಿದು ಅಲ್ಲಿಗೆ ಹೋದೆ.

"ಅವ್ವ ಯಾವಾಗ ಓದ್ಲು?" ಎಂದು ನನ್ನನ್ನು ಕೇಳಿದಳು.

ನಿನ್ನೆ ಬೆಳಿಗ್ಗೆಯೇ ಎನ್ನೋಣವೆಂದು ನನ್ನ ನಾಲಿಗೆ ಸಿದ್ಧವಾಗಿತ್ತು. ಮಳವಳ್ಳಿ ಮುಟ್ಟುವವರೆಗಾದರೂ ನೆಮ್ಮದಿಯಾಗಿರಲಿ ಎಂದು. ಡ್ರೈವರು ಬಿಡಲಿಲ್ಲ. ಅವಳ ಮುಖವನ್ನು ನೋಡಿಯೇ ಹೇಳಿದ:

"ಇವತ್ತು ಕೋಳಿ ಕೂಗೋ ಒತ್ನಲ್ಲಿ ಕಣಮ್ಮ. ಅಲ್ಲೀಗಂಟ ನಿನ್ನೇ ಕೇಳ್ತಿದ್ರಂತೆ."

ಆಕೆ ಹಾರಲೂ ಇಲ್ಲ, ಬೀಳಲೂ ಇಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಳ್ಳಲು ಹೋದಳು, ಒರೆಸಲು ಅಲ್ಲಿ ಏನೂ ಇರಲಿಲ್ಲ.

"ಅಲ್ಲಿ ಅವ್ಳು ನನ್ನ ಕರೀತಿದ್ಲು," ಎಂದಳು. "ನಾನಿಲ್ಲಿ ಕೂತ್ಕಂಡು, ಬದುಕಿದ್ದೋಳ್ಗೆ ಅತ್ತು ಮುಗಿಸ್ಬುಟ್ಟೆ."