ಅಕ್ಕನ ಹಣೆಯ ಗೆರೆ

ಅಕ್ಕನ ಹಣೆಗೆ ಅಡ್ಡಲಾಗಿ ಒಂದು ಗೆರೆಯಿತ್ತು. ಗೆರೆಯ ಕೆಳಗೆ ಮುಖ ಬಿಸಿಲಿಗೆ ಕಂದಿತ್ತು, ಮೇಲೆ ಬಣ್ಣ ತಿಳಿಯಾಗಿತ್ತು. ವಿಮಾನ ಕಂಪನಿಯ ಟೋಪಿ ಮಾಡಿದ ಗುರುತು ಅದು. “ನಮ್ಮವ್ವಗ ಹೊಲದಾಗ ಸೆರಗಿನ ಗೆರಿ ಬಿದ್ದದ, ನನಗ ಟೋಪಿ ಗೆರಿ” ಎಂದು ನಗುತ್ತಿದ್ದಳು.

ಒಡಹುಟ್ಟಿದ ಅಕ್ಕನಲ್ಲ; ಮಸರಕಲ್ಲೆಂಬ ಹಳ್ಳಿಯ ಕೂಲಿ ಮನೆತನದವಳು. ರಾಯಚೂರಿನಲ್ಲಿ ನಮ್ಮ ಪಕ್ಕದ ಕೋಣೆಯಲ್ಲಿದ್ದು ಡಿಗ್ರಿ ಮುಗಿಸಿದಳು. ನೆರೆಜಿಲ್ಲೆಯಿಂದ ಬೆಂಗಳೂರಿಗೆ ಒಂದು ಪುಟ್ಟ ವಿಮಾನ ಹಾರಿಸುತ್ತಿದ್ದ ಸಣ್ಣ ಕಂಪನಿಯಲ್ಲಿ, ನಿಲ್ದಾಣದಲ್ಲಿ ಪ್ರಯಾಣಿಕರನ್ನು ಹತ್ತಿಸಿ ಕಳಿಸುವ ಕೆಲಸ ಸಿಕ್ಕಿತು. ಶುರುವಿನಲ್ಲಿ ಮಾನ್ವಿಯ ಅಕ್ಕಿ ಗಿರಣಿಯವರು, ಆಸ್ಪತ್ರೆಗೆ ಹೋಗುವವರು ಸೇರಿ ಸೀಟು ತುಂಬುತ್ತಿದ್ದವು. ವಿಮಾನದ ಸದ್ದು ಕೇಳಿದರೆ ಹತ್ತಿ ಬಿಡಿಸುತ್ತಿದ್ದ ಅವಳ ಅವ್ವ ತಲೆಯೆತ್ತಿ ಕೈ ಬೀಸುತ್ತಿದ್ದಳಂತೆ.

“ನಿನ್ನ ಮಗಳು ಅದರಾಗ ಎಲ್ಲಿ ಕುಂತಾಳಬೇ? ಕೆಳಗ ಚೀಲ ಎಣಸಾಕತ್ತಿರ್ತಾಳ” ಎಂದು ಜೊತೆಯ ಕೂಲಿಯವರು ಚುಡಾಯಿಸಿದರೆ ಅವ್ವನ ಉತ್ತರ:

“ಆಕಿ ಕಳಿಸಿದ್ರ ತಾನ ಅದು ಹಾರೋದು!”

ಅವ್ವನಿಗೆ ಒಮ್ಮೆ ಆ ಹೊಲವನ್ನು ಮೇಲಿನಿಂದ ತೋರಿಸಬೇಕೆಂಬುದು ಅಕ್ಕನ ಆಸೆ. ಸೀಟು ಖಾಲಿ ಉಳಿದರೆ ಮಾತ್ರ ಸಿಬ್ಬಂದಿಯ ಮನೆಯವರಿಗೆ ಅವಕಾಶ. ಕೊನೆಗೊಮ್ಮೆ ಉಳಿಯಿತು.

ಅದೇ ದಿನ, ಬೆಂಗಳೂರಿನ ಆಸ್ಪತ್ರೆಯಲ್ಲಿದ್ದ ಅಪ್ಪ ಸಂಜೆ ದಾಟುವುದು ಕಷ್ಟ ಎಂದು ಫೋನ್ ಬಂದು, ನಾನು ಟಿಕೆಟ್ ಇಲ್ಲದೆ ವಿಮಾನ ನಿಲ್ದಾಣಕ್ಕೆ ಓಡಿದ್ದೆ. ವಿಷಯ ಕೇಳಿದ್ದೇ ಅಕ್ಕ ನನ್ನನ್ನು ವಿಮಾನದ ಬಳಿ ಕರೆದೊಯ್ದಳು. ಮೆಟ್ಟಿಲ ಕೆಳಗೆ ಒಂದು ಜೊತೆ ಸವೆದ ಚಪ್ಪಲಿ. ಗುಡಿ ಹೊಕ್ಕಂತೆ ಅವ್ವ ಬರಿಗಾಲಲ್ಲಿ ಹತ್ತಿ ಕುಳಿತಿದ್ದಳು.

“ಇಳಿಬೇ ಯವ್ವಾ. ಈಕಿ ಅಪ್ಪನ ಮಾರಿ ನೋಡಬೇಕಾಗೇದ. ನೀ ಮುಂದಿನ ವಾರ ಹೋಗುವಂತಿ.”

ಅವ್ವ ಇಳಿದು ಚಪ್ಪಲಿ ಮೆಟ್ಟಿದಳು. “ಇವನ್ನ ಕೆಳಗ ಬಿಟ್ಟಿದ್ದು ಚಲೋ ಆತು ನೋಡು. ಅವೇ ನನ್ನ ಹೊಳ್ಳಿ ಕರದ್ವು.”

ದುಡ್ಡು ಕೊಡುವವರು ಬಂದರೆ ಮನೆಯವರು ಇಳಿಯುವುದೇ ನಿಯಮ ಎಂದು ಅಕ್ಕ ಆಮೇಲೆ ಹೇಳಿದಳು. ಆದರೆ ನಾನು ತಲುಪಿದಾಗ ಟಿಕೆಟ್ ಕೌಂಟರ್ ಮುಚ್ಚಿತ್ತು, ನಾನು ದುಡ್ಡು ಕೊಟ್ಟಿರಲಿಲ್ಲ ಎಂದೇ ನನ್ನ ನೆನಪು.

ಅಪ್ಪ ನನ್ನ ಕೈ ಹಿಡಿದುಕೊಂಡೇ ಹೋದರು.

ಮುಂದಿನ ವಾರ ವಿಮಾನ ಬರಲಿಲ್ಲ. ರಿಪೇರಿ ಎಂದರು. ಆಮೇಲೆ ಕಂಪನಿಯೇ ಮುಚ್ಚಿತು. ಅಕ್ಕ ರಾಯಚೂರಿನ ಬಟ್ಟೆ ಅಂಗಡಿಯೊಂದಕ್ಕೆ ಸೇರಿದಳು. ನೆರಳಿನ ಕೆಲಸ, ಹಣೆಯ ಗೆರೆ ಮೆಲ್ಲಗೆ ಮಾಸಿತು. ಕಳೆದ ಮಳೆಗಾಲ ಕಾಮಾಲೆ ಅವಳನ್ನು ಕೊಂಡೊಯ್ದಿತು. ಮಸರಕಲ್ಲಿನಲ್ಲಿ ಕೊನೆಯ ಸಲ ನೋಡಿದಾಗ ಆ ಗೆರೆ ಕಂಡಂತಾಯಿತು. ಕಂಡಿತೋ, ನಾನೇ ಹುಡುಕಿದೆನೋ.

ಮಣ್ಣು ಮಾಡುವುದು ಮುಗಿದ ಮೇಲೆ ಅವ್ವ ಪಕ್ಕದಲ್ಲಿ ಬಂದು ಕುಳಿತಳು.

“ಅವತ್ತು ಮ್ಯಾಲಿಂದ ನಮ್ಮೂರ ಹೊಲ ಕಂಡಿತ್ತೇನವ್ವಾ?” ಎಂದು ಕೇಳಿದಳು.

ನನ್ನದು ಕಿಟಕಿಯ ಸೀಟೇ. ಆದರೆ ದಾರಿಯುದ್ದಕ್ಕೂ ಕಣ್ಣು ಮುಚ್ಚಿ ಕುಳಿತಿದ್ದೆ.

“ಕಂಡಿತ್ತಬೇ.”

“ಹತ್ತಿ ಒಡದಿತ್ತೇನು?”

“ಬೆಳ್ಳಗ ಒಡದಿತ್ತು.”

ಅವ್ವ ತಲೆಯಾಡಿಸಿದಳು. ಈಗ ಇದನ್ನು ಬರೆಯುವಾಗ ಆ ಬಿಳಿ ಹೊಲ ಕಣ್ಣಾರೆ ಕಂಡಷ್ಟೇ ನಿಚ್ಚಳವಾಗಿ ನೆನಪಾಗುತ್ತಿದೆ. ಅದರ ನಡುವೆ ಯಾರೋ ಕೈ ಬೀಸುತ್ತಿದ್ದಾರೆ.