ಡಯಲ್ ಟೋನಿಗೆ ಕೂಡಿದ ಗಿಟಾರ್

ನಗರದ ದೂರವಾಣಿ ಕೆಲಸಗಾರರ ನೆನಪುಗಳನ್ನು ಸಂಗ್ರಹಿಸುತ್ತಿದ್ದ ನಾನು ಲೈನ್‌ಮನ್ ಚಂದ್ರಮೌಳಿಯವರ ಮನೆಗೆ ಮೂರು ಸಂಜೆ ಫೋನ್ ಮಾಡಿದೆ. ಮೂರು ಸಲವೂ ಎಂಗೇಜ್. ನಾಲ್ಕನೆಯ ಸಲ ಬೆಳಗ್ಗೆ ಮಾಡಿದಾಗ ಅವರ ಪತ್ನಿ ಸುಷ್ಮಾ ಎತ್ತಿಕೊಂಡು, ನನ್ನ ದೂರು ಕೇಳಿ ನಕ್ಕರು.

"ಆರು ಗಂಟೆಗೆ ಮಾಡಿದ್ರೆ ಸಿಗಲ್ಲ ಕಣ್ರೀ. ಆಗ ಅವ್ರು ರಿಸೀವರ್ ಪಕ್ಕದಲ್ಲಿಟ್ಕೊಂಡು ಗಿಟಾರ್ ಶ್ರುತಿ ಮಾಡ್ತಿರ್ತಾರೆ. ಆರೂವರೆಗೆ ಮನೆಗೇ ಬಂದ್ಬುಡಿ."

ಹೀಗೆ 2006ರ ಜೂನ್‌ನಲ್ಲಿ, ರಾಮಕೃಷ್ಣನಗರದ ಅವರ ಮನೆಯ ವರಾಂಡದಲ್ಲಿ, ಮೊದಲ ಮಾತುಕತೆ ನಡೆಯಿತು.

ಚಂದ್ರಮೌಳಿಯವರಿಗೆ ಗಿಟಾರ್ ಸಿಕ್ಕಿದ್ದು ನಲವತ್ತನೆಯ ವಯಸ್ಸಿನಲ್ಲಿ. 1998ರ ಮಾರ್ಚ್‌ನಲ್ಲಿ ಲಷ್ಕರ್ ಮೊಹಲ್ಲಾದ ಒಂದು ಮಹಡಿಮನೆಯ ಫೋನ್ ಸರಿಪಡಿಸಲು ಹೋಗಿದ್ದರು. ಮನೆಯವರಾದ ಪ್ರೇಮ್‌ಕುಮಾರ್ ಒಳಗೆ ಗಿಟಾರ್ ಪಾಠ ಹೇಳುತ್ತಿದ್ದರು. ಸತ್ತಿದ್ದ ಲೈನಿಗೆ ಜೀವ ಬಂದು ಕಿವಿಯಲ್ಲಿ ಡಯಲ್ ಟೋನ್ ಮೊಳಗಿದ ಹೊತ್ತಿಗೆ ಸರಿಯಾಗಿ ಒಳಗಿನಿಂದ ಒಂದು ಸ್ವರ ಬಂತು. ಎರಡೂ ಒಂದೇ ಎನ್ನಿಸಿತು. ಹದಿನೆಂಟು ವರ್ಷ ಕಂಬದ ಮೇಲೆ ಕೇಳುತ್ತಿದ್ದ ಆ ದನಿಗೆ ಒಂದು ಹೆಸರಿದೆಯೆಂದು ತಿಳಿದದ್ದು ಆಗ. ಅದು 'ಜಿ', ಗಿಟಾರಿನ ಮೊದಲ ತಂತಿಯನ್ನು ಮೂರನೆಯ ಫ್ರೆಟ್‌ನಲ್ಲಿ, ಅಂದರೆ ಮೂರನೆಯ ಮನೆಯಲ್ಲಿ, ಒತ್ತಿದರೆ ಬರುವ ಸ್ವರ.

ಅದೇ ತಿಂಗಳು ಅವರೂ ಒಂದು ಗಿಟಾರ್ ಕೊಂಡು ಪ್ರೇಮ್‌ಕುಮಾರ್ ಬಳಿ ಸೇರಿದರು. ಪಾಠ ಶೋಕದ ಛಾಯೆಯ ಮೈನರ್ ಆರ್ಪೆಜಿಯೊಗಳಿಂದ ಶುರುವಾಯಿತು. ಸ್ವರಗಳನ್ನು ಒಟ್ಟಿಗೆ ಮೀಟದೆ, ಒಂದೊಂದೇ ತಂತಿಯಾಗಿ ಬಿಡಿಸುವ ಅಭ್ಯಾಸ ಅದು. "ಮೈನರ್ ಅಂದ್ರೆ ಅಳೋದಲ್ಲ ಕಣಯ್ಯಾ," ಎನ್ನುತ್ತಿದ್ದರು ಪ್ರೇಮ್‌ಕುಮಾರ್. "ಅಳೋಕ್ ಮುಂಚೆ ಗಂಟ್ಲು ಕಟ್ಕೊಳ್ತದಲ್ಲಾ, ಅಷ್ಟೇ."

ಸಂಜೆಗಳಲ್ಲಿ ಚಂದ್ರಮೌಳಿ ಮನೆಯ ಫೋನಿನ ಮುಂದೆ ಕೂತು, ಡಯಲ್ ಟೋನಿಗೆ ಸರಿಯಾಗಿ ತಂತಿ ಬಿಗಿಯುತ್ತಿದ್ದರು. ಸ್ವಲ್ಪ ತಡವಾದರೆ ಆ ಉದ್ದನೆಯ ಸ್ವರ ಕಡಿದು ಎಂಗೇಜ್ ಟೋನಿನ ಬಿಕ್ಕಳಿಕೆ ಶುರುವಾಗುತ್ತಿತ್ತು. ರಿಸೀವರ್ ಇಡುವ ಜಾಗದ ಗುಂಡಿ ಒತ್ತಿ ಅದನ್ನು ಮತ್ತೆ ಕರೆಯಬೇಕು. ಆಮೇಲೆ ಎ ಮೈನರ್, ಡಿ ಮೈನರ್, ಇ ಮೈನರ್. ಹಗಲಲ್ಲಿ ಕಂಬ ಹತ್ತಿದಾಗಲೂ ಬೆರಳುಗಳು ಗಾಳಿಯಲ್ಲಿ ಅದನ್ನೇ ಬಿಡಿಸುತ್ತಿದ್ದವು. ಮೇಲಿನಿಂದ ನೋಡಿದರೆ ಚಾಮುಂಡಿ ಬೆಟ್ಟ ಮಂಜಿನಲ್ಲಿ ತೇಲುತ್ತಿತ್ತು, ತಂತಿಗಳೆಲ್ಲ ಅದರತ್ತಲೇ ಹೊರಟಂತೆ ಕಾಣುತ್ತಿತ್ತು. ಊರಿನ ಮನೆಮನೆಯಲ್ಲೂ ಒಂದೇ ಶ್ರುತಿ ಕಾಯುತ್ತ ಕೂತಿದೆ, ಯಾರಾದರೂ ಕೈಗೆತ್ತಿಕೊಂಡರೆ ಸಾಕು ಎಂದು ಆಗ ಅನ್ನಿಸುತ್ತಿತ್ತಂತೆ.

ಸೈಕಲ್ ಮೇಲೆ ಗಿಟಾರ್ ಒಯ್ಯಲು ಹೆದರಿ, ಭಾನುವಾರದ ಪಾಠದಲ್ಲಿ ಅವರು ಮೇಷ್ಟ್ರ ಗಿಟಾರನ್ನೇ ನುಡಿಸುತ್ತಿದ್ದರು. ಅದು ಯಾಕೋ ಮಂಕು. ಸ್ವರಗಳು ಒಂದು ಎಳೆ ಕೆಳಗೆ ಕೂತಂತೆ. ಬೆರಳು ತಡವರಿಸುತ್ತಿತ್ತು. "ಮನೇಲಿ ಸರಿಯಾಗಿ ಬರ್ತದೆ ಸಾರ್" ಎಂದರೆ, "ಎಲ್ರೂ ಹೇಳೋದು ಅದನ್ನೇ ಕಣಯ್ಯಾ" ಎಂಬ ಉತ್ತರ ಬರುತ್ತಿತ್ತು. ಗುರುಗಳ ವಾದ್ಯ ಇಳಿದಿದೆ ಎನ್ನಲು ಬಾಯಿ ಬರಲಿಲ್ಲ. ಹನ್ನೊಂದು ತಿಂಗಳು ಹೀಗೇ ಕಳೆಯಿತು.

ಪ್ರೇಮ್‌ಕುಮಾರ್ ಏಳು ಗಿಟಾರ್‌ಗಳ ಕಾರ್ಯಕ್ರಮಕ್ಕೆ ಆರು ಜನರನ್ನು ಆರಿಸಿಕೊಂಡಿದ್ದರು. ಏಳನೆಯ ಜಾಗ ಚಂದ್ರಮೌಳಿಯವರಿಗೆ ಬೇಕಿತ್ತು. ಪರೀಕ್ಷೆಗೆ ಸ್ವಂತ ಗಿಟಾರ್ ತರಲೇಬೇಕೆಂದು ಮೇಷ್ಟ್ರು ಹೇಳಿದ್ದರಿಂದ ಆಟೋದಲ್ಲಿ ಒಯ್ದರು. ಎಲ್ಲರೂ ಒಟ್ಟಿಗೆ ಶುರುಮಾಡಿದ ಮೊದಲ ಸುತ್ತಿನಲ್ಲೇ ಮೇಷ್ಟ್ರು ಕೈ ಎತ್ತಿದರು.

"ಮೌಳಿ, ನಿನ್ ಕಿವಿ ಸರಿಯಿಲ್ಲಪ್ಪ. ಈ ಸಲ ಬೇಡ ಬುಡು."

ಚಂದ್ರಮೌಳಿ ಎದ್ದು ನಿಂತವರು, ಮತ್ತೆ ಕೂತರು. "ಒಂದೇ ಸಲ ಸಾರ್. ನಾನೊಬ್ನೇ."

ಮೂರು ಮೈನರ್‌ಗಳನ್ನೂ ಎಲ್ಲೂ ಕಡಿಯದೆ ನುಡಿಸಿದರು. ತಡವರಿಕೆ ಇರಲಿಲ್ಲ. ಕೊನೆಯ ತಂತಿಯ ಕಂಪನ ತಾನಾಗಿ ನಿಲ್ಲಲು ಬಿಟ್ಟರು.

"ಎಲ್ಲಾ ತಂತೀನೂ ಒಂದೇ ಅಳತೇಲಿ ಒಂದೆಳೆ ಮೇಲಕ್ಕಿದೆ," ಎಂದರು ಪ್ರೇಮ್‌ಕುಮಾರ್ ನಿಧಾನವಾಗಿ. "ಎಲ್ಲಿಂದ ತಂದ್ಯಯ್ಯಾ ಈ ಶ್ರುತೀನ?"

ಚಂದ್ರಮೌಳಿ ಮೂಲೆಯ ಫೋನ್ ತೋರಿಸಿದರು.

ಮೇಷ್ಟ್ರು ರಿಸೀವರ್ ಕಿವಿಗಿಟ್ಟು, ತಮ್ಮ ಗಿಟಾರ್ ಮೀಟಿ ನೋಡಿದರು. ಡಯಲ್ ಟೋನ್ ನಿಜವಾದ ಜಿಗಿಂತ ಒಂದೆಳೆ ಮೇಲಿತ್ತು. "ಹನ್ನೊಂದ್ ತಿಂಗ್ಳು ನಂದೇ ಇಳ್ದಿದೆ ಅಂದ್ಕೊಂಡಿದ್ಯಾ?"

"ನಾನೆಂಗ್ ಹೇಳ್ಲಿ ಸಾರ್?"

ಪ್ರೇಮ್‌ಕುಮಾರ್ ನಗು ತಡೆಯಲಾರದೆ ಫೋನನ್ನು ಚಾಪೆಯ ನಡುವೆ ಇಟ್ಟರು. "ಆಯ್ತು, ಎಲ್ರೂ ಈ ಶ್ರುತಿಗೇ ಮೇಲಕ್ ಹತ್ತಿ. ಈ ಕೈ ನಂಗ್ ಬೇಕು."

"ಯಾರಾದ್ರೂ ಹಲೋ ಅಂದ್ಬುಟ್ರೆ ಏನ್ ಸಾರ್ ಮಾಡೋದು?" ಎಂದಳು ಆರು ಜನರಲ್ಲೊಬ್ಬಳಾದ ನಯನಾ, ತನ್ನ ತಂತಿ ಬಿಗಿಯುತ್ತಲೇ.

ಚಂದ್ರಮೌಳಿ, ಪ್ರೇಮ್‌ಕುಮಾರ್ ಇಬ್ಬರ ಹೇಳಿಕೆಗಳನ್ನೂ ಹೋಲಿಸಿ ನೋಡಿ, ಸಂದರ್ಶನದ ಧ್ವನಿಸುರುಳಿಯ ಜೊತೆಯ ಚೀಟಿಯಲ್ಲಿ ಹೀಗೆ ನಮೂದಿಸಿದ್ದೇನೆ: 1999ರ ಫೆಬ್ರವರಿ 21, ಭಾನುವಾರ, ಲಷ್ಕರ್ ಮೊಹಲ್ಲಾ. ಏಳು ಗಿಟಾರ್‌ಗಳು ಡಯಲ್ ಟೋನಿಗೆ ಶ್ರುತಿಗೂಡಿದವು, ಏಳನೆಯದು ಚಂದ್ರಮೌಳಿಯವರದು.